ಹೃದ್ರೋಗಿಯ ಮಂಚದ ಪಕ್ಕ ಮನೆಯವರಿಗೆ ಏನು ಕೆಲಸ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಹೊಳೆ ಬದಿಯ ಊರು. ಅಪ್ಪನಿಗೆ 66 ವರ್ಷ. ಗಜನಿ ಗದ್ದೆ, ಅಂದರೆ ಉಬ್ಬರದ ಉಪ್ಪುನೀರನ್ನು ಬಾಗಿಲು ಹಾಕಿ ತಡೆಯುವ ಹೊಳೆಬದಿಯ ತಗ್ಗು ಗದ್ದೆ, ನೋಡಿಕೊಂಡಿದ್ದರು. ಕಳೆದ ವಾರ ಎದೆನೋವು ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಒಂದು ಇಂಜೆಕ್ಷನ್ ಕೊಟ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ತಂದೆವು. ಕಟ್ಟಿದ ರಕ್ತನಾಳ ತೆರೆದಿಡಲು ಎರಡು ಸ್ಟೆಂಟ್ (ಜಾಲರಿಯಂಥ ಸಣ್ಣ ಕೊಳವೆ) ಹಾಕಿದ್ದಾರೆ. ಐಸಿಯುನಲ್ಲಿದ್ದಾಗ ದಿನಕ್ಕೆ ಎರಡೇ ಸಲ, ಹತ್ತು ನಿಮಿಷ, ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ಎರಡನೇ ರಾತ್ರಿ ಅಪ್ಪ ‘ಗಜನಿ ಬಾಗಿಲು ಹಾಕಿ, ನೀರು ನುಗ್ತಾ ಇದೆ’ ಎಂದು ಕೂಗಿ ಸಲೈನ್ ಕಿತ್ತುಹಾಕಿದರಂತೆ. ನಾವು ಹೊರಗೇ ಕೂತಿದ್ದೆವು, ಕರೆಯಲೇ ಇಲ್ಲ. ಈಗ ವಾರ್ಡಿಗೆ ತಂದಿದ್ದಾರೆ. ಊರಿನವರು ಟೆಂಪೋ ಮಾಡಿಕೊಂಡು ನೋಡಲು ಬರುತ್ತಾರೆ, ಸಿಸ್ಟರ್ ನಮಗೆ ಬೈಯುತ್ತಾರೆ. ಅಮ್ಮ ಬಂದಾಗಿನಿಂದ ಇಲ್ಲಿಂದ ಕದಲಿಲ್ಲ. ಬೆಂಗಳೂರಿನ ಅಣ್ಣ ಫೋನಿನಲ್ಲೇ ಎಲ್ಲ ತೀರ್ಮಾನ ಮಾಡುತ್ತಾನೆ. ಹಾರ್ಟ್ ಅಟ್ಯಾಕ್ ಎಂದು ಅಪ್ಪನಿಗೆ ಹೇಳಿಲ್ಲ, ಗ್ಯಾಸ್ ಎಂದಿದ್ದೇವೆ. ನಿಜವಾಗಿ ನಾವು ಇಲ್ಲಿ ಇರುವುದರಿಂದ ಉಪಕಾರವೋ, ಉಪದ್ರವವೋ? ಮನೆಯವರು ಮಾಡಬೇಕಾದದ್ದಾದರೂ ಏನು?

ಉತ್ತರ: ಹೃದ್ರೋಗ ವಿಭಾಗದಲ್ಲಿ ಬಹಳ ಕಾಲ ನರ್ಸಿಂಗ್ ಕೆಲಸ ಮಾಡಿದವಳು ನಾನು. ಹಾಗಾಗಿ ಬೈಯುವ ಸಿಸ್ಟರ್ ಕಡೆಯ ಮಾತೂ ನನಗೆ ಗೊತ್ತು, ಬೆಂಚಿನ ಮೇಲೆ ಕೂತವರ ಕಡೆಯದೂ ಗೊತ್ತು. ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಕೆಲಸ ಗೊತ್ತಿರುವ ಒಬ್ಬರು ಪಕ್ಕದಲ್ಲಿದ್ದರೆ ಉಪಕಾರ. ಏನೂ ಗೊತ್ತಿಲ್ಲದ ಹತ್ತು ಜನ ಸುತ್ತ ನಿಂತರೆ ಉಪದ್ರವ. ನಮ್ಮ ಕಡೆ ಈ ಹತ್ತು ಜನ ಬೇಗ ಸೇರುತ್ತಾರೆ, ಆ ಒಬ್ಬರನ್ನು ಮಾತ್ರ ಯಾರೂ ತಯಾರು ಮಾಡುವುದಿಲ್ಲ.

ಮೊದಲು ಐಸಿಯು ವಿಷಯ. ಹಾರ್ಟ್ ಅಟ್ಯಾಕ್ ಆದ ಮೊದಲ ಒಂದೆರಡು ದಿನ ಹೃದಯದ ಬಡಿತ ಇದ್ದಕ್ಕಿದ್ದಂತೆ ಏರುಪೇರಾಗುವ ಅಪಾಯ ಜಾಸ್ತಿ. ಪಕ್ಕದ ಮಂಚದಲ್ಲಿ ಯಾರಿಗೋ ಎದೆ ಒತ್ತುವ ಪ್ರಸಂಗ ಯಾವಾಗ ಬರುತ್ತದೋ ಹೇಳಲಾಗದು. ಜಾಗ ಕಡಿಮೆ, ಸಿಸ್ಟರ್‌ಗಳೂ ಕಡಿಮೆ. ಹಾಗಾಗಿ ಬಾಗಿಲು ಹಾಕುತ್ತಾರೆ. ಇದರಲ್ಲಿ ಅರ್ಥವಿದೆ. ಆದರೆ ‘ಮನೆಯವರು ಬಂದರೆ ಸೋಂಕು ಬರುತ್ತದೆ, ರೋಗಿಗೆ ಆಯಾಸವಾಗುತ್ತದೆ’ ಎಂಬ ಹಳೇ ಮಾತಿಗೆ ಅಷ್ಟು ಬಲವಿಲ್ಲ. ಇಟಲಿಯ ಫ್ಲಾರೆನ್ಸಿನ ಒಂದು ಐಸಿಯುನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಎರಡು ತಿಂಗಳು ಬಿಗಿ ನಿಯಮ, ಎರಡು ತಿಂಗಳು ಸಡಿಲ ನಿಯಮ, ಹೀಗೆ ಎರಡು ವರ್ಷ, ಒಟ್ಟು 226 ರೋಗಿಗಳು. 2006ರಲ್ಲಿ ಫಲಿತಾಂಶ ಬಂತು. ಬಿಗಿ ನಿಯಮದ ತಿಂಗಳುಗಳಲ್ಲಿ ಹೃದಯದ ತೊಡಕುಗಳೇ ಸುಮಾರು ಎರಡು ಪಟ್ಟು. ಸಡಿಲ ಬಿಟ್ಟಾಗ ಕೋಣೆಯಲ್ಲಿ ರೋಗಾಣು ಸ್ವಲ್ಪ ಜಾಸ್ತಿ ಕಂಡವು, ಆದರೆ ರೋಗಿಗಳಿಗೆ ಸೋಂಕು ಹೆಚ್ಚಲಿಲ್ಲ. ಅವರ ದಿಗಿಲು ಮಾತ್ರ ಇಳಿದಿತ್ತು.

ಚಿಕ್ಕ ಅಧ್ಯಯನ ಅದು, ಒಂದೇ ಐಸಿಯು. ಆಮೇಲೆ ಬ್ರೆಜಿಲ್ ದೇಶದ 36 ಐಸಿಯುಗಳಲ್ಲಿ ದೊಡ್ಡದೊಂದು ಮಾಡಿದರು, 2019ರಲ್ಲಿ ಪ್ರಕಟವಾಯಿತು. ಮನೆಯವರಿಗೆ ದಿನಕ್ಕೆ 12 ಗಂಟೆವರೆಗೂ ಇರಲು ಬಿಟ್ಟರು, ಜೊತೆಗೆ ತಿಳಿವಳಿಕೆಯನ್ನೂ ಕೊಟ್ಟರು. ರೋಗಿಯ ಬುದ್ಧಿಭ್ರಮೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದರು, ಅಂಥ ವ್ಯತ್ಯಾಸ ಸಿಗಲಿಲ್ಲ. ಸೋಂಕು ಹೆಚ್ಚಲಿಲ್ಲ. ಮನೆಯವರ ಆತಂಕ, ಖಿನ್ನತೆ ಚೆನ್ನಾಗಿ ಇಳಿಯಿತು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ನೀವು ಒಳಗೆ ಇದ್ದ ಮಾತ್ರಕ್ಕೆ ಪವಾಡ ಆಗುವುದಿಲ್ಲ, ಕೇಡೂ ಆಗುವುದಿಲ್ಲ. ಹಾಗಾಗಿ ಕೇಳಲು ಹಿಂಜರಿಯಬೇಡಿ. ‘ನಮ್ಮನ್ನು ಬಿಡಿ’ ಎಂದು ಬಾಗಿಲಲ್ಲಿ ಜಗಳ ಮಾಡಿದರೆ ಯಾರೂ ಬಿಡುವುದಿಲ್ಲ. ‘ಒಬ್ಬಳೇ ಇರುತ್ತೇನೆ, ಕೈ ತೊಳೆದು ಬರುತ್ತೇನೆ, ರೌಂಡ್ಸ್ ಹೊತ್ತಿಗೆ ಹೊರಗೆ ಹೋಗುತ್ತೇನೆ’ ಎಂದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿ ನೋಡಿ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ, ಆಗ ಯಾರಿಗೂ ಕಿವಿ ಇರುವುದಿಲ್ಲ.

ಆ ರಾತ್ರಿ ನಿಮ್ಮನ್ನು ಕರೆಯಬೇಕಿತ್ತು. ಅಪ್ಪನಿಗೆ ಆದದ್ದು ಹುಚ್ಚಲ್ಲ. ವಯಸ್ಸಾದವರಿಗೆ ಐಸಿಯುನಲ್ಲಿ ಇದು ಸಾಮಾನ್ಯ, ಡೆಲಿರಿಯಂ ಎನ್ನುತ್ತಾರೆ. ನಿದ್ದೆ ಇಲ್ಲ, ಇಪ್ಪತ್ನಾಲ್ಕು ಗಂಟೆ ಲೈಟು, ಮೆಷಿನ್ ಸದ್ದು, ಹೊಸ ಔಷಧಿ. ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುವುದಿಲ್ಲ. ಆಗ ಮನಸ್ಸು ಗೊತ್ತಿರುವ ಜಾಗಕ್ಕೆ ಓಡುತ್ತದೆ. ಹೊಳೆ ಉಬ್ಬರದ ಲೆಕ್ಕ ಇಟ್ಟುಕೊಂಡೇ ಬದುಕಿದ ಮನುಷ್ಯ ಗಜನಿ ಬಾಗಿಲು ನೆನಪಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಿಸ್ಟರ್‌ಗೆ ಗಜನಿ ಅಂದರೆ ಏನೆಂದೇ ಗೊತ್ತಿರಲಿಕ್ಕಿಲ್ಲ. ನಿಮಗೆ ಗೊತ್ತು. ‘ಬಾಗಿಲು ಹಾಕಿ ಆಯ್ತು ಅಪ್ಪ, ಈಗ ರಾತ್ರಿ, ನೀವು ಆಸ್ಪತ್ರೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೇನೆ’ ಎಂದು ಕೈ ಹಿಡಿದು ಹೇಳಲು ಮನೆಯವರಿಂದ ಮಾತ್ರ ಸಾಧ್ಯ. ಅವರ ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ ಇದ್ದರೆ ತಕ್ಷಣ ತಂದುಕೊಡಿ. ಎಷ್ಟೋ ಮನೆಯವರು ಕಳೆದುಹೋಗುತ್ತದೆ ಎಂದು ಅದನ್ನೆಲ್ಲ ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿರುತ್ತಾರೆ. ಕಣ್ಣು ಕಾಣದೆ, ಕಿವಿ ಕೇಳದೆ ಮಲಗಿದವರಿಗೆ ಗಲಿಬಿಲಿ ಇಮ್ಮಡಿ ಆಗುತ್ತದೆ. ವಾರ್ಡಿನಲ್ಲೂ ಇದು ಮತ್ತೆ ಬರಬಹುದು. ಹಗಲು ಕಿಟಕಿ ತೆರೆದಿಡಿ, ದಿನ, ಹೊತ್ತು ಹೇಳುತ್ತಿರಿ, ರಾತ್ರಿ ಮಲಗಲು ಬಿಡಿ. ಮಾತು ತಪ್ಪುತ್ತಿದೆ ಅನ್ನಿಸಿದರೆ ‘ವಯಸ್ಸಾಯ್ತು’ ಎಂದು ಬಿಡದೆ ಡಾಕ್ಟರಿಗೆ ಹೇಳಿ. ಕೈ ಕಾಲು ಒಂದು ಕಡೆ ಸೋತಿದ್ದರೆ, ಬಾಯಿ ಓರೆಯಾಗಿದ್ದರೆ ಅದು ಬೇರೆ ವಿಷಯ, ಆ ನಿಮಿಷವೇ ಹೇಳಬೇಕು.

ಆಸ್ಪತ್ರೆ ಹತ್ತಿರ ಇಲ್ಲದ ಇನ್ನೊಂದು ಮಾಹಿತಿಯೂ ನಿಮ್ಮ ಹತ್ತಿರ ಇದೆ. ಅಪ್ಪ ಮೊದಲಿನಿಂದ ಯಾವ ಗುಳಿಗೆ ತಿನ್ನುತ್ತಿದ್ದರು? ಅದರಲ್ಲಿ ಯಾವುದನ್ನು ತಿನ್ನದೆ ಎಸೆಯುತ್ತಿದ್ದರು? ಕವಳ (ಎಲೆ ಅಡಿಕೆ) ಹಾಕುತ್ತಿದ್ದರಾ, ಅದರಲ್ಲಿ ತಂಬಾಕು ಇತ್ತಾ? ಸಂಜೆ ಸ್ವಲ್ಪ ಕುಡಿಯುತ್ತಿದ್ದರಾ? ದಿನಾ ಕುಡಿಯುವವರಿಗೆ ಅದು ಒಮ್ಮೆಗೇ ನಿಂತರೆ ಎರಡು ಮೂರು ದಿನದಲ್ಲಿ ನಡುಕ, ಗಲಿಬಿಲಿ ಬರುತ್ತದೆ. ಡಾಕ್ಟರಿಗೆ ಗೊತ್ತಿದ್ದರೆ ಅದಕ್ಕೆ ಔಷಧಿ ಇದೆ. ಮರ್ಯಾದೆಯ ಪ್ರಶ್ನೆ ಎಂದು ಮುಚ್ಚಿಡಬೇಡಿ. ನಾಟಿ ಔಷಧಿಯನ್ನೂ ಹೇಳಿ. ಹೃದಯಕ್ಕೆ ಒಳ್ಳೆಯದು ಎಂದು ಹೊಳೆಮತ್ತಿ ತೊಗಟೆಯ ಕಷಾಯ ಕುಡಿಯುವವರು ನಮ್ಮಲ್ಲಿ ಇದ್ದಾರೆ. ಜೇಷ್ಠಮಧು ದಿನಾ ಜಾಸ್ತಿ ತೆಗೆದುಕೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗುಳಿಗೆಯ ಜೊತೆ ಇವೆಲ್ಲ ಸೇರಿದಾಗ ಏನಾಗುತ್ತದೆ ಎಂದು ನೋಡಬೇಕಾದವರು ಡಾಕ್ಟರು.

ಇನ್ನು ಟೆಂಪೋ. ಪ್ರೀತಿಯಿಂದಲೇ ಬರುತ್ತಾರೆ, ನೋಡಲು ಹೋಗದಿದ್ದರೆ ನಮ್ಮಲ್ಲಿ ಅದೊಂದು ಮಾತಾಗುತ್ತದೆ. ಆದರೂ ತಡೆಯಬೇಕು. ಬಂದವರೆಲ್ಲ ಮಂಚದ ಪಕ್ಕ ನಿಂತು ‘ಇಂಥವರಿಗೂ ಹೀಗೇ ಆಗಿತ್ತು, ಮೂರೇ ದಿನ’ ಎಂಬ ಕತೆ ತೆಗೆಯುತ್ತಾರೆ, ಅಲ್ವಾ? ಅಪ್ಪನಿಗೆ ಅದು ಕೇಳಿಸುತ್ತದೆ. ಮಾನಿಟರಿನಲ್ಲಿ ಬಡಿತ ಏರುವುದನ್ನು ನಾನೇ ನೋಡಿದ್ದೇನೆ. ಊರಿನಲ್ಲಿ ಒಬ್ಬರನ್ನು ಗೊತ್ತು ಮಾಡಿ, ಚಿಕ್ಕಪ್ಪನೋ, ಪಕ್ಕದ ಮನೆಯವರೋ. ನೀವು ದಿನಾ ಸಂಜೆ ಅವರಿಗೆ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕಿ. ಕೇಳುವವರೆಲ್ಲ ಅವರನ್ನೇ ಕೇಳಲಿ. ಬರಲೇಬೇಕು ಎನ್ನುವವರಿಗೆ ಕೆಲಸ ಕೊಡಿ: ಮನೆಯ ದನಕ್ಕೆ ಹುಲ್ಲು, ಗಜನಿಯ ಮೇಲೆ ಕಣ್ಣು, ಅಮ್ಮನಿಗೆ ಬಟ್ಟೆ. ಅಷ್ಟು ದೂರ ಬಂದು ಹತ್ತು ನಿಮಿಷ ನಿಂತು ಹೋಗುವುದಕ್ಕಿಂತ ಇದರಿಂದ ಅಪ್ಪನಿಗೆ ಸಮಾಧಾನ ಜಾಸ್ತಿ.

ಬರುವವರು ತರುವ ತಿಂಡಿಯ ಬಗ್ಗೆಯೂ ಹೇಳಬೇಕು. ಎಳನೀರು ಎಂದರೆ ನಮಗೆ ಅಮೃತ. ಆದರೆ ಅದರಲ್ಲಿ ಪೊಟ್ಯಾಸಿಯಂ ತುಂಬ ಇದೆ. ಹಾರ್ಟ್ ಅಟ್ಯಾಕ್ ಆದವರಿಗೆ ಕೊಡುವ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಗುಳಿಗೆಗಳು ಪೊಟ್ಯಾಸಿಯಂ ಅನ್ನು ಒಳಗೇ ಉಳಿಸುತ್ತವೆ. ಎರಡೂ ಸೇರಿ, ಮೂತ್ರಪಿಂಡವೂ ಸ್ವಲ್ಪ ಸೋತಿದ್ದರೆ, ಬಡಿತವೇ ತಪ್ಪಬಹುದು. ಹೃದಯದ ಬಲ ಕಡಿಮೆ ಇರುವವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹೇಳಿರುತ್ತಾರೆ, ಎಳನೀರೂ, ಗಂಜಿ ತಿಳಿಯೂ ಆ ಲೆಕ್ಕದಲ್ಲೇ ಬರಬೇಕು. ಕೇಳಿ ಕೊಡಿ, ಸುಮ್ನೆ ಕೊಡಬೇಡಿ. ಇನ್ನು ‘ಬಾಯಿ ಸಪ್ಪೆ ಆಗಿದೆ’ ಎಂದು ದಿಂಬಿನ ಕೆಳಗೆ ಕವಳದ ಪೊಟ್ಟಣ ಇಟ್ಟು ಹೋಗುವ ಗೆಳೆಯರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಅವರ ಮೇಲೆ ನಿಗಾ ಇಡಿ.

ಅಪ್ಪನಿಗೆ ನಿಜ ಹೇಳಿ. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಗ್ಯಾಸಿಗೆ ಯಾರೂ ಆಂಬುಲೆನ್ಸಿನಲ್ಲಿ ರಾತ್ರೋರಾತ್ರಿ ತರುವುದಿಲ್ಲ, ಅದು ಅವರಿಗೂ ಗೊತ್ತು. ಎಲ್ಲರೂ ಮುಚ್ಚಿಡುತ್ತಿದ್ದಾರೆ ಎಂದರೆ ಇನ್ನೂ ದೊಡ್ಡದೇನೋ ಇದೆ ಎಂದುಕೊಳ್ಳುತ್ತಾರೆ. ನಾಳೆ ನಿಜವಾಗಿ ಎದೆನೋವು ಬಂದರೆ ‘ಗ್ಯಾಸೇ ಇರಬೇಕು’ ಎಂದು ಸೋಡಾ ಕುಡಿದು ಮಲಗುತ್ತಾರೆ. ದಿನಾ ಗುಳಿಗೆ ಏಕೆ ತಿನ್ನಬೇಕು ಎಂಬುದೂ ಅರ್ಥವಾಗುವುದಿಲ್ಲ. ರೌಂಡ್ಸಿಗೆ ಬಂದ ಡಾಕ್ಟರಿಂದಲೇ ಹೇಳಿಸಿ, ನೀವು ಪಕ್ಕದಲ್ಲಿ ಇರಿ. ‘ರಕ್ತನಾಳ ಕಟ್ಟಿತ್ತು, ತೆರೆದಿದ್ದೇವೆ, ಗುಳಿಗೆ ತಿಂದರೆ ತೆರೆದೇ ಇರುತ್ತದೆ’, ಇಷ್ಟು ಸಾಕು. ಖರ್ಚು, ಜಮೀನು, ಸಾಲದ ಮಾತು ಮಾತ್ರ ಮಂಚದ ಹತ್ತಿರ ಬೇಡ. ಕಾರಿಡಾರಿನಲ್ಲೂ ಮೆಲ್ಲಗೆ.

ಖರ್ಚಿನ ಮಾತು ಬಂದದ್ದಕ್ಕೆ ಅಣ್ಣನಿಗೆ ಒಂದು ಕೆಲಸ. ದೂರದಲ್ಲಿ ಇರುವವರಿಗೆ ಏನೂ ಮಾಡಲಾಗದ ಸಂಕಟ ಇರುತ್ತದೆ, ಅದಕ್ಕೇ ಫೋನಿನಲ್ಲಿ ಜೋರು ಮಾಡುತ್ತಾರೆ. ಕಾಗದಪತ್ರ ಪೂರ್ತಿ ಅವರಿಗೆ ವಹಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಹೊರ ಜಿಲ್ಲೆಯ ಆಸ್ಪತ್ರೆ ಆ ಪಟ್ಟಿಯಲ್ಲಿದೆಯಾ, ಪಡಿತರ ಚೀಟಿ, ಆಧಾರ್ ಕೊಟ್ಟಾಗಿದೆಯಾ, ಈ ಯೋಜನೆಗೆಂದೇ ಆಸ್ಪತ್ರೆಯಲ್ಲಿರುವ ಸಹಾಯಕರಾದ ಆರೋಗ್ಯಮಿತ್ರರ ಹತ್ತಿರ ಯಾರು ಮಾತಾಡಬೇಕು, ಎಲ್ಲವನ್ನೂ ಅಣ್ಣ ಬೆಂಗಳೂರಿನಿಂದಲೇ ಫೋನಿನಲ್ಲಿ ನೋಡಬಹುದು. ಡಾಕ್ಟರ ಹತ್ತಿರ ಮಾತಾಡುವವರು ಮಾತ್ರ ಒಬ್ಬರೇ ಇರಲಿ, ಅದು ನೀವೇ ಇರಲಿ. ಮೂರು ಜನ ಮೂರು ಸಲ ಕೇಳಿದರೆ ಮನೆಗೆ ಮೂರು ಬೇರೆ ಬೇರೆ ಉತ್ತರ ಬರುತ್ತದೆ.

ಈಗ ವಾರ್ಡಿನಲ್ಲಿ ನಿಮ್ಮ ಕಣ್ಣಿಗೆ ಏನು ಕೆಲಸ? ಸ್ಟೆಂಟ್ ಹಾಕಲು ಮಣಿಕಟ್ಟಿನಿಂದಲೋ, ತೊಡೆಸಂದಿನಿಂದಲೋ ಹೋಗಿರುತ್ತಾರೆ. ಆ ಜಾಗದಲ್ಲಿ ರಕ್ತ ಜಿನುಗಿದರೆ, ಊದಿದರೆ, ಕೈ ಅಥವಾ ಕಾಲು ತಣ್ಣಗಾದರೆ ಸಿಸ್ಟರನ್ನು ಕರೆಯಿರಿ. ರಕ್ತ ಸುರಿಯುತ್ತಿದ್ದರೆ ಮೊದಲು ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿದುಕೊಂಡೇ ಕೂಗಿ. ಎದೆಯಲ್ಲಿ ಮತ್ತೆ ಬಿಗಿತ, ಬೆವರು, ಮಲಗಿದರೆ ಉಸಿರು ಸಿಕ್ಕಿಹಾಕಿಕೊಳ್ಳುವುದು, ಡಾಂಬರಿನಂಥ ಕಪ್ಪು ಮಲ, ಇವು ಯಾವುದಕ್ಕೂ ಬೆಳಗಿನ ರೌಂಡ್ಸಿನವರೆಗೆ ಕಾಯಬಾರದು. ‘ಸಿಸ್ಟರ್‌ಗೆ ತೊಂದರೆ ಯಾಕೆ’ ಎಂದು ನಮ್ಮ ಕಡೆಯವರು ರಾತ್ರಿ ಪೂರ್ತಿ ಸಹಿಸಿಕೊಂಡು ಕೂರುತ್ತಾರೆ. ಆ ಸಂಕೋಚ ಬಿಡಿ. ಮೆಷಿನ್ ಕೂಗಿದರೆ ಬಟನ್ ಒತ್ತಬೇಡಿ, ಸಲೈನ್ ಹನಿ ಜೋರು ಮಾಡಬೇಡಿ, ಆಕ್ಸಿಜನ್ ತಿರುಗಿಸಬೇಡಿ. ಮಲಬದ್ಧತೆ ಇದ್ದರೆ ಹೇಳಿ, ಮುಕ್ಕಿರಿಯಬಾರದು. ಮೊದಲ ಸಲ ಎದ್ದು ನಡೆಸುವುದು ಸಿಸ್ಟರ್ ಇದ್ದಾಗಲೇ ಆಗಲಿ.

ಇಲ್ಲಿಯವರೆಗೆ ಹೇಳಿದ್ದಕ್ಕಿಂತ ಮುಖ್ಯವಾದದ್ದು ಈಗ ಬರುತ್ತದೆ. ಡಿಸ್ಚಾರ್ಜ್ ಆದಮೇಲೆ ಸ್ಟೆಂಟ್ ಹಾಕಿದ ಡಾಕ್ಟರು ನಿಮ್ಮಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಶಿರಸಿಯವರಿಗೆ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ, ನಿಮಗೆ ಮಣಿಪಾಲವೋ ಮಂಗಳೂರೋ, ಎಲ್ಲರದೂ ಹೆಚ್ಚುಕಮ್ಮಿ ಇದೇ ಕತೆ. ಆಸ್ಪತ್ರೆ ಪಕ್ಕದ ಬೀದಿಯಲ್ಲಿರುವ ಊರಿನವರು ಏನೂ ಕಲಿಯದೆ ಮನೆಗೆ ಹೋದರೂ ನಡೆದೀತು. ನಮ್ಮ ಜಿಲ್ಲೆಯವರಿಗೆ ಅದು ನಡೆಯುವುದಿಲ್ಲ. ವಾರ್ಡಿನಲ್ಲಿ ಉಳಿದ ಈ ಎರಡು ಮೂರು ದಿನ ನಿಮಗೆ ಶಾಲೆ. ಬೆಂಗಳೂರಿನ ನಾರಾಯಣ ಹೆಲ್ತ್ ಆಸ್ಪತ್ರೆಗಳ ಜೊತೆ ಸೇರಿ ನೂರಾ ಹೆಲ್ತ್ ಎಂಬ ಸಂಸ್ಥೆ ಹೃದಯದ ಆಪರೇಷನ್ ಆದವರ ಮನೆಯವರಿಗೆ ವಾರ್ಡಿನಲ್ಲೇ ಪಾಠ ಮಾಡುವುದನ್ನು ಶುರು ಮಾಡಿತು, ಈಗ ಅದು ಬೇರೆ ರಾಜ್ಯಗಳಿಗೂ ಹೋಗಿದೆ. ನಿಮ್ಮ ಆಸ್ಪತ್ರೆಯಲ್ಲಿ ಅಂಥದ್ದು ಇಲ್ಲದಿದ್ದರೆ ನೀವೇ ಕೇಳಿ ಕಲಿಯಬೇಕು. ನೋಟ್‌ಬುಕ್ ಇಟ್ಟುಕೊಳ್ಳಿ. ಸಿಸ್ಟರ್ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಅವರಿಗೇ ಹೇಳಿ, ‘ಸರಿಯಾ?’ ಎಂದು ಕೇಳಿ. ಇದೊಂದು ಅಭ್ಯಾಸದಿಂದ ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಗುಳಿಗೆಯಲ್ಲಿ ಸ್ಟೆಂಟ್ ಕಾಯುವ ಎರಡು ಯಾವುದು ಎಂದು ಗುರುತು ಹಾಕಿಸಿಕೊಳ್ಳಿ. ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್ ಇರುತ್ತದೆ. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದವರಿಗೆ ಎರಡೂ ಸಾಮಾನ್ಯವಾಗಿ ಒಂದು ವರ್ಷ. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೊಂದು ಅಟ್ಯಾಕ್ ಆಗುವ ಅಪಾಯ ಇದೆ. ಹಲ್ಲು ಕೀಳಿಸಬೇಕು, ಸಣ್ಣ ಆಪರೇಷನ್ ಇದೆ ಎಂದು ಯಾರೋ ನಿಲ್ಲಿಸಲು ಹೇಳಿದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಳೆಗಾಲದ ಮೊದಲು ಒಂದು ತಿಂಗಳಿಗೆ ಆಗುವಷ್ಟು ಗುಳಿಗೆ ಮನೆಯಲ್ಲಿ ಇರಲಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು, ನೆನಪಿದೆಯಲ್ಲ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಕುಚಲಕ್ಕಿ ಗಂಜಿಗೇನೂ ತೊಂದರೆ ಇಲ್ಲ, ತೊಂದರೆ ಇರುವುದು ಅದರ ಪಕ್ಕ ಬಡಿಸುವ ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳದಲ್ಲಿ. ಹಸಿ ಮೀನಿನ ಸಾರು ತಿನ್ನಲಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲ ಕಡಿಮೆ ಎಂದು ಬಂದಿದ್ದರೆ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಮತ್ತೆ ಎದೆನೋವು ಬಂದರೆ ಬೈಕಿನಲ್ಲಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೇ ಹೋಗಿ. ನೇರ ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ ಎಂದು ದಾರಿಯಲ್ಲಿ ಎರಡು ಮೂರು ಗಂಟೆ ಕಳೆಯುವವರು ಬಹಳ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಅಪ್ಪನಿಗೆ ಕೊಟ್ಟದ್ದು ಇಂಥ ಇಂಜೆಕ್ಷನ್ನೇ ಇರಬೇಕು. ನೀವು ಆಮೇಲೂ ದೊಡ್ಡ ಆಸ್ಪತ್ರೆಗೆ ತಂದದ್ದು ಸರಿ. ನೋವು ಹೋಯಿತು ಎಂದು ಇಂಜೆಕ್ಷನ್ ಆದಮೇಲೆ ಮನೆಗೆ ಹೋಗುವವರೂ ಇದ್ದಾರೆ. ಅದು ದೊಡ್ಡ ತಪ್ಪು. ಒಂದು ದಿನದೊಳಗೆ ಆಂಜಿಯೋಗ್ರಾಂ, ಅಂದರೆ ರಕ್ತನಾಳ ಎಲ್ಲಿ ಕಟ್ಟಿದೆ ಎಂದು ನೋಡುವ ಪರೀಕ್ಷೆ, ಆಗಬೇಕು. ಡಿಸ್ಚಾರ್ಜ್ ಸಮರಿ, ಈಗಿನ ಇಸಿಜಿ, ಎಕೋ ಮೂರರ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಹಳೇ ಇಸಿಜಿ ಕಣ್ಣೆದುರು ಇದ್ದರೆ ಹೊಸ ಬದಲಾವಣೆ ಯಾವುದು ಎಂದು ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ.

ಮನೆಗೆ ಹೋದಮೇಲೆ ಅತಿ ಜೋಪಾನ ಮಾಡುವ ಕಾಯಿಲೆ ಮನೆಯವರಿಗೆ ಹಿಡಿಯುತ್ತದೆ. ‘ಏಳಬೇಡ, ನಡೆಯಬೇಡ, ಮಾತಾಡಬೇಡ.’ ಆರೋಗ್ಯವಾಗಿ ಬಂದ ಮನುಷ್ಯ ಮಂಚಕ್ಕೆ ಅಂಟುತ್ತಾನೆ. ಹಾರ್ಟ್ ಅಟ್ಯಾಕ್ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಕಡಿಮೆಯಾಗುವುದು, ಊಟ ಬೇಡ ಎನ್ನುವುದು, ಸುಮ್ಮಸುಮ್ಮನೆ ಅಳುವುದು, ಗುಳಿಗೆ ಬೇಡ ಎನ್ನುವುದು ಅದರ ಗುರುತು. ಎರಡು ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಿ. ನಡಿಗೆಯನ್ನು ಅಂಗಳದಲ್ಲಿ ಐದು ಹತ್ತು ನಿಮಿಷದಿಂದ ಶುರು ಮಾಡಿ, ದಿನದಿನಕ್ಕೆ ಸ್ವಲ್ಪ ಏರಿಸಿ, ಅರ್ಧ ಗಂಟೆಗೆ ತನ್ನಿ. ಗಜನಿಗೆ ಯಾವಾಗ ಇಳಿಯಬಹುದು, ಯಾವ ಕೆಲಸ ಬೇಡ ಎಂದು ಅಪ್ಪನೇ ಬಾಯಿಬಿಟ್ಟು ಕೇಳಲಿ. ಅಮ್ಮನ ಜೊತೆ ಮಲಗಬಹುದಾ ಎಂಬುದನ್ನು ಮಗಳೆದುರು ಅವರು ಕೇಳುವುದಿಲ್ಲ. ಡಾಕ್ಟರ ಹತ್ತಿರ ಅವರಿಬ್ಬರೇ ಮಾತಾಡಲು ಐದು ನಿಮಿಷ ಬಿಟ್ಟು ನೀವು ಹೊರಗೆ ಬನ್ನಿ.

ಕೊನೆಗೆ ಅಮ್ಮ. ಆಸ್ಪತ್ರೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತ ಹೆಂಗಸರನ್ನು ‘ನಿಮ್ಮ ಬಿಪಿ ಗುಳಿಗೆ ತಿಂದಿರಾ?’ ಎಂದು ಕೇಳಿದರೆ ‘ಅದು ಮನೆಯಲ್ಲೇ ಉಳಿಯಿತು’ ಎಂಬ ಉತ್ತರವೇ ಜಾಸ್ತಿ. ಇವತ್ತೇ ವಿಚಾರಿಸಿ. ರಾತ್ರಿ ಪಾಳಿ ಹಂಚಿಕೊಳ್ಳಿ, ಒಂದು ರಾತ್ರಿ ನೀವು, ಒಂದು ರಾತ್ರಿ ಚಿಕ್ಕಪ್ಪನ ಮಗ. ಅಮ್ಮ ಹತ್ತಿರದ ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ ಸ್ನಾನ ಮಾಡಿ ಮಲಗಿ ಬರಲಿ. ಹೋಗಲು ಒಪ್ಪುವುದಿಲ್ಲ. ‘ಮನೆಗೆ ಹೋದಮೇಲೆ ಗುಳಿಗೆ ಕೊಡುವವರು ನೀವೇ, ಆಗ ನೀವು ಗಟ್ಟಿ ಇರಬೇಕು’ ಎಂದು ಅಪ್ಪನ ಬಾಯಿಂದಲೇ ಹೇಳಿಸಿ, ಎದ್ದು ಹೋಗುತ್ತಾರೆ. ಮುಂದಿನ ಸಲ ಅಪ್ಪನನ್ನು ತೋರಿಸಲು ಬರುವಾಗ ಅಮ್ಮನ ಹೆಸರಲ್ಲೂ ಒಂದು ಚೀಟಿ ಮಾಡಿಸಿ ಬಿಪಿ, ಶುಗರ್ ನೋಡಿಸಿಕೊಂಡು ಹೋಗಿ.